ವಿಡಿಯೊ ತಡವರಿಸುತ್ತಿದೆ, ಅಪ್‌ಗ್ರೇಡ್ ಮಾಡಲು ಭಯ: ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ, ರಸ್ತೆಯಿಂದ ಒಳಗೆ ತೋಟದ ಮಧ್ಯೆ ಇದೆ. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮುಂಚೆ ಹಳೆಯ ಡೆಸ್ಕ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 20.3 ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿದ್ದ. ಮೂರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್ಯಾಮ್, ಹಳೆಯ ಹಾರ್ಡ್ ಡಿಸ್ಕ್. ತೋಟದ ಲೆಕ್ಕ, ಕೆಲಸದವರ ಕೂಲಿ ಪಟ್ಟಿ, ಕನ್ನಡದಲ್ಲಿ ಬರೆದ ಅರ್ಜಿ, ಪತ್ರ ಎಲ್ಲವೂ ಅದರಲ್ಲೇ ಇವೆ. ಮಗಳು ದ್ವಿತೀಯ ಪಿಯುಸಿ. ಪಾಠದ ವಿಡಿಯೊಗಳನ್ನು ಅದರಲ್ಲೇ ನೋಡುತ್ತಾಳೆ. ಈಗ ಎರಡು ತೊಂದರೆ. ಒಂದು, ಈ ಆವೃತ್ತಿಯ ಅವಧಿ ಮುಗಿದಿದೆ ಅಂತ ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಎಚ್ಚರಿಕೆ ಬರುತ್ತಿದೆ. ಇನ್ನೊಂದು, ಯೂಟ್ಯೂಬ್ ದೊಡ್ಡ ಪರದೆಯಲ್ಲಿ ಹಾಕಿದರೆ ಮಾತು ಮುಂದೆ ಹೋಗುತ್ತದೆ, ಚಿತ್ರ ನಿಂತು ನಿಂತು ಬರುತ್ತದೆ, ಫ್ಯಾನ್ ಜೋರಾಗಿ ಕೂಗುತ್ತದೆ. ನೆಟ್ ಸರಿಯಿಲ್ಲ ಅಂತ ಒಬ್ಬರು, ಫ್ಲ್ಯಾಶ್ ಹಾಕಿ ಅಂತ ಇನ್ನೊಬ್ಬರು, ಕಂಪ್ಯೂಟರ್ ಬಿಸಾಡಿ ಅಂತ ಮತ್ತೊಬ್ಬರು ಹೇಳಿದರು. ಹೋದ ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಿ ಕಪ್ಪು ಪರದೆ ಬಂದಿತ್ತು. ಗುರುತಿನವರೊಬ್ಬರು ಸರಿಮಾಡಿಕೊಟ್ಟರು. ಅವತ್ತಿನಿಂದ ಅಪ್‌ಡೇಟ್ ಬಟನ್ ಮುಟ್ಟಿಲ್ಲ. ಈಗ ಅಪ್‌ಗ್ರೇಡ್ ಮಾಡಿದರೆ ವಿಡಿಯೊ ಸರಿಯಾಗುತ್ತದೆಯೇ? ಲೆಕ್ಕ, ಕನ್ನಡ ಎಲ್ಲ ಹೋಗಿಬಿಟ್ಟರೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಭಯ ಸುಮ್ನೆ ಬಂದಿದ್ದಲ್ಲ. ಒಂದು ಸಲ ಕಪ್ಪು ಪರದೆ ನೋಡಿದವರಿಗೆ ಮತ್ತೆ ಆ ಬಟನ್ ಒತ್ತಲು ಕೈ ಬರುವುದಿಲ್ಲ. ಕುಶಾಲನಗರದಲ್ಲಿ ಕೂತು ಸುತ್ತಲಿನ ತೋಟದ ಆಫೀಸು, ಶಾಲೆ, ಹೋಮ್‌ಸ್ಟೇಗಳ ಲಿನಕ್ಸ್ ಮಷಿನ್‌ಗಳನ್ನು ನೋಡಿಕೊಳ್ಳುವ ನನಗೆ ಇಂಥ ಮಾತು ಪ್ರತಿ ಮಳೆಗಾಲ ಮುಗಿದ ಮೇಲೂ ಕೇಳಿಸುತ್ತದೆ.

ಮೊದಲು ಒಂದು ವಿಷಯ ಬಿಡಿಸಿ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಇರುವುದು ಎರಡು ಬೇರೆ ಬೇರೆ ತೊಂದರೆಗಳು. ಅವಧಿ ಮುಗಿದ ಸಿಸ್ಟಮ್ ಒಂದು, ತಡವರಿಸುವ ವಿಡಿಯೊ ಇನ್ನೊಂದು. ಒಂದೇ ಪೆಟ್ಟಿಗೆಯಲ್ಲಿ ಇರುವುದರಿಂದ ಎರಡಕ್ಕೂ ಒಂದೇ ಔಷಧಿ ಅನಿಸುತ್ತದೆ. ಅಪ್‌ಗ್ರೇಡ್ ಮಾಡಲೇಬೇಕು, ಆದರೆ ವಿಡಿಯೊ ಸಲುವಾಗಿ ಅಲ್ಲ. ವಿಡಿಯೊವನ್ನು ಇವತ್ತು ಸಂಜೆಯೇ ಸುಮಾರಾಗಿ ಸರಿಮಾಡಿಕೊಳ್ಳಬಹುದು, ಅದಕ್ಕೆ ಅಪ್‌ಗ್ರೇಡ್ ಆಗುವ ತನಕ ಕಾಯಬೇಕಾಗಿಲ್ಲ. ಮಗಳ ಪಾಠ ಕಾಯುವಂಥದ್ದಲ್ಲ, ಹಾಗಾಗಿ ವಿಡಿಯೊದಿಂದಲೇ ಶುರು ಮಾಡುತ್ತೇನೆ.

ಫ್ಲ್ಯಾಶ್ ಮಾತನ್ನು ಮೊದಲು ಮುಗಿಸಿಬಿಡೋಣ. ಹಿಂದೆ ಬ್ರೌಸರ್‌ನಲ್ಲಿ ವಿಡಿಯೊ ಆಡಿಸಲು ಬೇಕಾಗಿದ್ದ ಪ್ರೋಗ್ರಾಂ ಅದು. ಅಡೋಬಿಯವರು 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್ ನಿಲ್ಲಿಸಿದರು. 2021ರ ಜನವರಿ 12ರಿಂದ ಅದು ತಾನಾಗಿಯೇ ವಿಡಿಯೊ ತೋರಿಸುವುದನ್ನು ಬಿಟ್ಟಿತು. ಈಗ ಯಾವ ಸೈಟಿಗೂ ಅದು ಬೇಕಿಲ್ಲ. ‘ಫ್ಲ್ಯಾಶ್ ಅಪ್‌ಡೇಟ್ ಮಾಡಿ’ ಅಂತ ಪರದೆಯ ಮೇಲೆ ಏನಾದರೂ ಎದ್ದು ಬಂದರೆ ಅದು ಮೋಸ ಅಂತಲೇ ತಿಳಿಯಿರಿ. ಆ ಟ್ಯಾಬ್ ಮುಚ್ಚಿಬಿಡಿ.

ಇನ್ನು ನೆಟ್. ನಮ್ಮ ಕಡೆ ಏನೇ ನಿಂತರೂ ನೆಟ್ ಮೇಲೆ ಹಾಕುವುದು ರೂಢಿಯಾಗಿದೆ. ಮಳೆ ಹಿಡಿದರೆ ಟವರ್ ಕೂಡ ಕೈಕೊಡುತ್ತದೆ, ಹಾಗಾಗಿ ಅನುಮಾನ ಬರುವುದು ಸಹಜ. ಆದರೆ ಮಾತು ಸರಾಗವಾಗಿ ಬಂದು ಚಿತ್ರ ಮಾತ್ರ ನಿಲ್ಲುತ್ತಿದೆ ಅಂತ ನೀವೇ ಬರೆದಿದ್ದೀರಿ, ಅಲ್ವಾ? ನೆಟ್ ನಿಂತರೆ ಎರಡೂ ನಿಲ್ಲುತ್ತವೆ. ಮಧ್ಯದಲ್ಲಿ ಸುತ್ತುವ ಚಕ್ರ ಬರುತ್ತದೆ. ನೀವು ಚಕ್ರದ ಮಾತೇ ಬರೆದಿಲ್ಲ, ಫ್ಯಾನ್ ಕೂಗುತ್ತಿದೆ ಅಂದಿದ್ದೀರಿ. ಅಂದರೆ ವಿಡಿಯೊ ಮನೆಯೊಳಗೆ ಬಂದಾಗಿದೆ, ಅದನ್ನು ಬಿಚ್ಚಿ ತೋರಿಸಲು ಮಷಿನ್ ಒದ್ದಾಡುತ್ತಿದೆ.

ಇದನ್ನು ನೀವೇ ಕಣ್ಣಾರೆ ನೋಡಬಹುದು. ಯೂಟ್ಯೂಬ್‌ನಲ್ಲಿ ಪಾಠ ಓಡುತ್ತಿರುವಾಗ ಚಿತ್ರದ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ. ಬರುವ ಪಟ್ಟಿಯ ಕೊನೆಯಲ್ಲಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಅಂತ ಇರುತ್ತದೆ. ಅದನ್ನು ಒತ್ತಿದರೆ ಮೂಲೆಯಲ್ಲಿ ಸಣ್ಣ ಕಪ್ಪು ಚೌಕ ತೆರೆಯುತ್ತದೆ. ಅದರಲ್ಲಿ ಮೂರು ಸಾಲು ನೋಡಿದರೆ ಸಾಕು. ‘ಫ್ರೇಮ್ಸ್’ ಸಾಲಿನಲ್ಲಿ ಇಷ್ಟರಲ್ಲಿ ಇಷ್ಟು ‘ಡ್ರಾಪ್ಡ್’ ಅಂತ ಇರುತ್ತದೆ. ತೋರಿಸಲಾಗದೆ ಬಿಟ್ಟ ಚಿತ್ರಗಳ ಲೆಕ್ಕ ಅದು. ‘ಬಫರ್ ಹೆಲ್ತ್’ ಅಂದರೆ ಮುಂದಿನ ಎಷ್ಟು ಸೆಕೆಂಡಿನ ವಿಡಿಯೊ ಈಗಾಗಲೇ ಮನೆಗೆ ಬಂದಿದೆ ಅನ್ನುವುದು. ‘ಕೊಡೆಕ್ಸ್’ ಅಂದರೆ ಯಾವ ಕಟ್ಟಿನಲ್ಲಿ ವಿಡಿಯೊ ಬರುತ್ತಿದೆ ಅನ್ನುವುದು.

ಸಿದ್ದಾಪುರದ ಕಡೆ ಒಂದು ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್ ಹೀಗೇ ಕರೆಸಿದ್ದರು. ಅದೂ ನಿಮ್ಮ ಕಾಲದ್ದೇ ಮಷಿನ್. ನೆಟ್ ಕಂಪನಿಗೆ ಮೂರು ಸಲ ದೂರು ಕೊಟ್ಟು ಸುಸ್ತಾಗಿದ್ದರು. ನಾನು ಆ ಚೌಕ ತೆರೆದೆ. ಬಫರ್ 40 ಸೆಕೆಂಡ್ ತುಂಬಿ ನಿಂತಿತ್ತು. ಅಂದರೆ ನೆಟ್‌ಗೆ ಏನೂ ಆಗಿರಲಿಲ್ಲ. ಆದರೆ ಡ್ರಾಪ್ಡ್ ಅಂಕಿ ನೋಡನೋಡುತ್ತಲೇ ಏರುತ್ತಿತ್ತು: 210, 260, 330. ಕೊಡೆಕ್ ಸಾಲಿನಲ್ಲಿ ‘ವಿಪಿ09’ ಅಂತ ಇತ್ತು. ರೈಟರ್ ಬಗ್ಗಿ ನೋಡಿ, ‘ಹಾಗಾದ್ರೆ ಅವರ ತಪ್ಪಲ್ಲ’ ಅಂದರು. ನಿಮ್ಮಲ್ಲೂ ಇದೇ ಕಾಣಿಸುತ್ತದೆ ಅಂತ ನನ್ನ ಅಂದಾಜು. ಬಫರ್ ಸೊನ್ನೆಗೆ ಇಳಿದು ಚಿತ್ರ ನಿಂತರೆ ಮಾತ್ರ ನೆಟ್ ಮೇಲೆ ಅನುಮಾನ ಪಡಿ.

ಯಾಕೆ ಹೀಗೆ? ವಿಡಿಯೊವನ್ನು ಇದ್ದ ಹಾಗೇ ಕಳಿಸಿದರೆ ಯಾರ ನೆಟ್ಟೂ ತಡೆಯುವುದಿಲ್ಲ. ಹಾಗಾಗಿ ಒತ್ತಿ ಕಟ್ಟಿ ಕಳಿಸುತ್ತಾರೆ, ಇಲ್ಲಿ ಬಿಚ್ಚಬೇಕು. ಕಟ್ಟುವ ರೀತಿಗೇ ಕೊಡೆಕ್ ಅನ್ನುತ್ತಾರೆ. ಎಚ್.264 ಹಳೆಯದು, 2003ರದ್ದು. ವಿಪಿ9 ಬಂದಿದ್ದು 2013ರಲ್ಲಿ, ಎವಿ1 ಬಂದಿದ್ದು 2018ರಲ್ಲಿ. ಹೊಸ ಕಟ್ಟು ಸಣ್ಣದಾಗುತ್ತದೆ, ಡೇಟಾ ಉಳಿಯುತ್ತದೆ. ಆದರೆ ಬಿಚ್ಚುವ ಕೆಲಸ ಜಾಸ್ತಿ.

ನಿಮ್ಮ ಮೂರನೇ ತಲೆಮಾರಿನ ಇಂಟೆಲ್ ಚಿಪ್ 2012ರದ್ದು. ಅದರೊಳಗೆ ಎಚ್.264 ಬಿಚ್ಚಲೆಂದೇ ಒಂದು ಭಾಗ ಇದೆ. ವಿಪಿ9 ಆಗಿನ್ನೂ ಬಂದೇ ಇರಲಿಲ್ಲ, ಅದಕ್ಕೆ ಭಾಗ ಎಲ್ಲಿಂದ ಬರಬೇಕು? ಇಂಟೆಲ್ ಚಿಪ್‌ಗಳಲ್ಲಿ ವಿಪಿ9 ಬಿಚ್ಚುವ ಭಾಗ ಪೂರ್ತಿಯಾಗಿ ಬಂದಿದ್ದು ಏಳನೇ ತಲೆಮಾರಿನಲ್ಲಿ. ಎವಿ1ಗೆ ಹನ್ನೊಂದನೇ ತಲೆಮಾರಿನ ತನಕ ಕಾಯಬೇಕಾಯಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಮನೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಇದೆ. ಅದಕ್ಕೆ ಕರಿಮೆಣಸಿನ ಗೊಂಚಲು ಹಾಕಲು ಆಗುವುದಿಲ್ಲ. ಮೆಣಸು ಬಿಡಿಸುವ ಮಷಿನ್ ಇಲ್ಲದ ಮನೆಯಲ್ಲಿ ಕಾಲಿನಿಂದ ತುಳಿದೇ ಬಿಡಿಸಬೇಕು. ಕೆಲಸ ಆಗುತ್ತದೆ, ಆದರೆ ನಿಧಾನ, ಆಯಾಸ. ನಿಮ್ಮ ಫ್ಯಾನ್ ಕೂಗುತ್ತಿರುವುದು ಆ ಆಯಾಸಕ್ಕೆ.

ಹಾಗಾದರೆ ಪಲ್ಪರ್‌ಗೆ ಹಣ್ಣನ್ನೇ ಕೊಡೋಣ. ಯೂಟ್ಯೂಬ್ 1080 ತನಕದ ವಿಡಿಯೊಗಳನ್ನು ಎಚ್.264ನಲ್ಲೂ ಇಟ್ಟಿರುತ್ತದೆ. ಬ್ರೌಸರ್ ಏನು ಬೇಕು ಅಂತ ಕೇಳುತ್ತದೋ ಅದನ್ನೇ ಕಳಿಸುತ್ತದೆ. ಫೈರ್‌ಫಾಕ್ಸ್‌ನ ಆಡ್-ಆನ್ ಪುಟದಲ್ಲಿ ‘ಎನ್‌ಹ್ಯಾನ್ಸ್ಡ್ ಎಚ್264ಇಫೈ’ ಅಂತ ಸಿಗುತ್ತದೆ. ಅದನ್ನು ಹಾಕಿ, ವಿಪಿ9 ಮತ್ತು ಎವಿ1 ಎರಡನ್ನೂ ತಡೆಯುವಂತೆ ಟಿಕ್ ಮಾಡಿ. ಪುಟವನ್ನು ಮತ್ತೆ ತೆರೆದು ಆ ಕಪ್ಪು ಚೌಕ ನೋಡಿ. ಕೊಡೆಕ್ ಸಾಲಿನಲ್ಲಿ ‘ಎವಿಸಿ1’ ಅಂತ ಬಂದರೆ ಗೆದ್ದ ಹಾಗೆ. ಅದು ಎಚ್.264ರ ಇನ್ನೊಂದು ಹೆಸರು. ಇದಕ್ಕೂ ಒಂದು ಬೆಲೆ ಇದೆ. ಅದೇ ಗುಣಮಟ್ಟಕ್ಕೆ ಡೇಟಾ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡುವ ದಿನ ಗುಣಮಟ್ಟವನ್ನು 480ಕ್ಕೆ ಇಳಿಸಿಕೊಳ್ಳಿ.

ಹಾಗೆಯೇ 1080ರ ಹಠವನ್ನೂ ಬಿಡಿ ಅಂತ ಕೇಳಿಕೊಳ್ಳುತ್ತೇನೆ. ಬೋರ್ಡಿನ ಮೇಲೆ ಬರೆದ ಲೆಕ್ಕ 720ರಲ್ಲಿ ಚೆನ್ನಾಗಿಯೇ ಕಾಣುತ್ತದೆ. ಗುಣಮಟ್ಟದ ಪಟ್ಟಿಯಲ್ಲಿ ‘720ಪಿ60’ ಅಂತ ಇದ್ದರೆ ಸೆಕೆಂಡಿಗೆ 60 ಚಿತ್ರ ಅಂತ ಅರ್ಥ, ಅದು ಸಾಮಾನ್ಯ 30ಕ್ಕಿಂತ ಎರಡರಷ್ಟು ಕೆಲಸ. ಅಂಥ ಕಡೆ 480 ಇಟ್ಟುಕೊಳ್ಳಿ, ಅಲ್ಲಿ 30ಕ್ಕೆ ಇಳಿಯುತ್ತದೆ.

ಇನ್ನೊಂದು, ಯಾರೂ ಹೇಳದ ಮಾತು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ನೋಡಿ. ಕಕ್ಕಡದ ತೇವ, ಒಲೆ ಹೊಗೆ, ಧೂಳು ಮೂರೂ ಸೇರಿ ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ಹಲ್ಲುಗಳ ಮಧ್ಯೆ ಕಂಬಳಿಯ ಹಾಗೆ ಕೂತಿರುತ್ತವೆ. ಗಾಳಿ ಆಡದೆ ಚಿಪ್ ಬಿಸಿಯಾಗುತ್ತದೆ, ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಾನು ತೆರೆದ ಹಳೆಯ ಮಷಿನ್‌ಗಳಲ್ಲಿ ಅರ್ಧಕ್ಕರ್ಧ ಇದೇ ಕಥೆ. ಪ್ಲಗ್ ತೆಗೆದು, ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದು, ಒಣಗಿದ ಪೇಂಟಿಂಗ್ ಬ್ರಷ್‌ನಿಂದ ಮೆತ್ತಗೆ ಕೊಡವಿ. ಚಿಪ್ ಮತ್ತು ಅಲ್ಯೂಮಿನಿಯಂ ಮಧ್ಯೆ ಹಚ್ಚಿರುವ ಬಿಳಿ ಪೇಸ್ಟ್ ಒಣಗಿ ಸುಣ್ಣದ ಹಾಗೆ ಆಗಿರುತ್ತದೆ. ಅದನ್ನು ಬದಲಿಸಲು ಮಾತ್ರ ಗೊತ್ತಿದ್ದವರ ಕೈಗೆ ಕೊಡಿ.

ಹಣ ಕೊಟ್ಟು ನೋಡುವ ಸಿನಿಮಾ ಸೈಟುಗಳು ಬೇರೆ ವಿಷಯ. ಅವುಗಳಿಗೆ ಡಿಆರ್‌ಎಂ ಅನ್ನುವ ಬೀಗ ಇರುತ್ತದೆ. ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಡಿಆರ್‌ಎಂ ವಿಡಿಯೊ ಆಡಿಸಲು ಟಿಕ್ ಹಾಕಬೇಕು. ಆಗ ವೈಡ್‌ವೈನ್ ಅನ್ನುವ ಸಣ್ಣ ಭಾಗ ತಾನಾಗಿ ಇಳಿಯುತ್ತದೆ. ಲಿನಕ್ಸ್‌ನಲ್ಲಿ ಈ ಬೀಗ ಸಾಫ್ಟ್‌ವೇರ್ ಮಟ್ಟದ್ದು, ಹಾಗಾಗಿ ಕೆಲವು ಸೈಟುಗಳು ಪೂರ್ತಿ ಗುಣಮಟ್ಟ ಕೊಡುವುದಿಲ್ಲ. ಅಪ್‌ಗ್ರೇಡ್ ಮಾಡಿದರೂ ಅದು ಬದಲಾಗದು.

ಈಗ ಅಪ್‌ಗ್ರೇಡ್ ಮಾತು.

‘ಲಿನಕ್ಸ್‌ಗೆ ವೈರಸ್ ಬರಲ್ಲ, ಅಪ್‌ಡೇಟ್ ಯಾಕೆ’ ಅನ್ನುವ ಮಾತು ನಮ್ಮಲ್ಲಿ ತುಂಬಾ ಓಡಾಡುತ್ತದೆ. ದಯವಿಟ್ಟು ನಂಬಬೇಡಿ. ನಿಮಗೆ ಅಪಾಯ ಬರುವುದು ಬ್ರೌಸರ್ ಮೂಲಕ. ವಿಡಿಯೊ, ಚಿತ್ರ, ಫಾಂಟ್ ಇವುಗಳನ್ನು ಬಿಚ್ಚುವ ಲೈಬ್ರರಿಗಳಲ್ಲಿ ಆಗಾಗ ತೂತು ಸಿಗುತ್ತಲೇ ಇರುತ್ತದೆ, ಸಿಕ್ಕ ಹಾಗೆ ಮುಚ್ಚುತ್ತಾರೆ. ಆ ತೇಪೆ ನಿಮಗೆ ತಲುಪುವುದು ಅಪ್‌ಡೇಟ್ ಆಗಿಯೇ. ಮಿಂಟ್ 20 ನಿಂತಿರುವುದು ಉಬುಂಟು ಅನ್ನುವ ಇನ್ನೊಂದು ಲಿನಕ್ಸ್‌ನ 20.04 ಆವೃತ್ತಿಯ ಮೇಲೆ. ಅದು 2020ರ ಏಪ್ರಿಲ್‌ನದ್ದು, ಐದು ವರ್ಷದ ಬೆಂಬಲ 2025ರಲ್ಲಿ ಮುಗಿಯಿತು. ಈಗ ನಿಮ್ಮ ಮಷಿನ್‌ಗೆ ತೇಪೆ ಬರುತ್ತಿಲ್ಲ. ಬ್ರೌಸರ್ ಹಳೆಯದಾಗುತ್ತಾ ಹೋಗುತ್ತದೆ, ಒಂದೊಂದೇ ಸೈಟು ‘ನಿಮ್ಮ ಬ್ರೌಸರ್ ಹಳೆಯದು’ ಅನ್ನಲು ಶುರು ಮಾಡುತ್ತದೆ. ಬ್ಯಾಂಕ್ ಕೆಲಸವನ್ನು ಸದ್ಯಕ್ಕೆ ಈ ಮಷಿನ್‌ನಲ್ಲಿ ಮಾಡಬೇಡಿ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ದಿನನಿತ್ಯ ಬರುವುದು ಸಣ್ಣ ಪುಟ್ಟ ತೇಪೆಗಳು. ಮನೆಯ ಹೆಂಚು ಒಡೆದರೆ ಬದಲಿಸುವ ಹಾಗೆ. 20ರಿಂದ 21ಕ್ಕೆ, 22ಕ್ಕೆ ಹೋಗುವುದು ಇಡೀ ಚಾವಣಿಯನ್ನೇ ಇಳಿಸಿ ಕಟ್ಟುವ ಕೆಲಸ. ಸಾವಿರಾರು ಪ್ಯಾಕೇಜ್, ಅಂದರೆ ಸಿಸ್ಟಮ್‌ನ ಬಿಡಿ ಭಾಗಗಳು, ಬದಲಾಗುತ್ತವೆ. ನಿಮಗೆ ಕಕ್ಕಡದಲ್ಲಿ ಆಗಿದ್ದು ಮೊದಲನೆಯ ಜಾತಿಯದ್ದು, ಅದಕ್ಕೇ ಅಷ್ಟು ಸುಲಭವಾಗಿ ಸರಿಹೋಯಿತು.

ಅವತ್ತು ಒಳಗೆ ಏನಾಯಿತು ಅಂತ ಹೇಳುತ್ತೇನೆ, ಗೊತ್ತಿದ್ದರೆ ಭಯ ಕಡಿಮೆಯಾಗುತ್ತದೆ. ಅಪ್‌ಡೇಟ್ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲು ಎಲ್ಲವನ್ನೂ ಇಳಿಸಿಕೊಳ್ಳುತ್ತದೆ. ಆಮೇಲೆ ಬಿಚ್ಚಿ ಜಾಗಕ್ಕೆ ಇಡುತ್ತದೆ. ಕೊನೆಗೆ ಒಂದಕ್ಕೊಂದು ಹೊಂದಿಸುತ್ತದೆ. ಇಳಿಸುವಾಗ ಕರೆಂಟ್ ಹೋದರೆ ಏನೂ ನಷ್ಟವಿಲ್ಲ, ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಬಿಚ್ಚುವಾಗ, ಹೊಂದಿಸುವಾಗ ಹೋದರೆ ಅರ್ಧ ಹೊಸತು ಅರ್ಧ ಹಳತು ಆಗಿ ನಿಲ್ಲುತ್ತದೆ. ಆಗಲೂ ಬಹಳ ಸಲ ಉಳಿಸಬಹುದು. ಮಷಿನ್ ಹಚ್ಚುವಾಗ ಬರುವ ಪಟ್ಟಿಯಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋದರೆ ಹಳೆಯ ಕರ್ನೆಲ್ (ಸಿಸ್ಟಮ್‌ನ ತಿರುಳು) ಇರುತ್ತದೆ, ‘ರಿಕವರಿ ಮೋಡ್’ ಇರುತ್ತದೆ. ರಿಕವರಿಯೊಳಗೆ ‘ಡಿಪಿಕೆಜಿ’ ಅನ್ನುವ ಸಾಲು ಆರಿಸಿದರೆ ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನು ಅದೇ ಹೊಂದಿಸಿ ಮುಗಿಸುತ್ತದೆ. ನಿಮ್ಮ ಗುರುತಿನವರು ಮಾಡಿದ್ದೂ ಹೆಚ್ಚುಕಡಿಮೆ ಇದೇ ಇರಬೇಕು.

ನನಗೂ ಒಮ್ಮೆ ಹೀಗಾಗಿದೆ. ಜೂನ್ ತಿಂಗಳ ಒಂದು ಮಧ್ಯಾಹ್ನ, ಸೋಮವಾರಪೇಟೆ ಕಡೆಯ ಒಂದು ಆಫೀಸಿನಲ್ಲಿ ದೊಡ್ಡ ಅಪ್‌ಗ್ರೇಡ್ ಹಚ್ಚಿ ಕೂತಿದ್ದೆ. ಇನ್ವರ್ಟರ್ ಇದೆ ಅನ್ನುವ ಧೈರ್ಯ. ಮೇಲಿನ ದಾರಿಯಲ್ಲಿ ಲೈನ್ ಮೇಲೆ ಮರ ಬಿತ್ತು. ಇನ್ವರ್ಟರ್ ಹಿಡಿಯಿತು, ಲೈಟು ಆರಲೇ ಇಲ್ಲ, ಆದರೆ ಕಂಪ್ಯೂಟರ್ ಮಾತ್ರ ಆರಿ ಮತ್ತೆ ಹತ್ತಿಕೊಂಡಿತು. ಆಮೇಲೆ ಕಾರಣ ಸಿಕ್ಕಿತು. ಮನೆಯ ಇನ್ವರ್ಟರ್‌ಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಒಂದು ಕಡೆ ‘ನಾರ್ಮಲ್’ ಅಥವಾ ‘ಇಕೊ’, ಇನ್ನೊಂದು ಕಡೆ ‘ಯುಪಿಎಸ್’. ನಾರ್ಮಲ್‌ನಲ್ಲಿದ್ದರೆ ಕರೆಂಟ್ ಬದಲಾಗುವಾಗ ಕಣ್ಣಿಗೆ ಕಾಣದಷ್ಟು ಹೊತ್ತು ತಡವಾಗುತ್ತದೆ. ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಕಂಪ್ಯೂಟರ್‌ಗೆ ಅಷ್ಟು ಸಾಕು. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೆ ಇವತ್ತೇ ಹಿಂದೆ ಹೋಗಿ ನೋಡಿ, ಯುಪಿಎಸ್ ಕಡೆಗೆ ಹಾಕಿ. ಇಲ್ಲದಿದ್ದರೆ ಒಂದು ಸಣ್ಣ ಯುಪಿಎಸ್ ಕೊಳ್ಳಿ. ಹತ್ತು ನಿಮಿಷ ಸಿಕ್ಕರೂ ಸಣ್ಣ ಅಪ್‌ಡೇಟ್ ಮುಗಿಯುತ್ತದೆ.

ಸರಿ, ಮುಂದೇನು? ನಿಮ್ಮ ಮುಂದೆ ಮೂರು ದಾರಿ ಇವೆ.

ಇದ್ದ ಹಾಗೇ ಇಟ್ಟುಕೊಂಡು ಬ್ರೌಸರ್ ಒಂದನ್ನೇ ಹೊಸದು ಮಾಡುವುದು ಮೊದಲನೆಯದು. ಮೊಜಿಲ್ಲಾದವರ ಸೈಟಿನಿಂದಲೇ ಫೈರ್‌ಫಾಕ್ಸ್ ಇಳಿಸಿ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಬಿಚ್ಚಿಟ್ಟರೆ ಅದು ತನ್ನ ಅಪ್‌ಡೇಟ್ ತಾನೇ ಮಾಡಿಕೊಳ್ಳುತ್ತದೆ. ಒಂದೆರಡು ತಿಂಗಳ ಮಟ್ಟಿಗೆ ಇದು ನಡೆಯುತ್ತದೆ. ಉಳಿದ ಸಿಸ್ಟಮ್ ಹಳೆಯದಾಗಿಯೇ ಉಳಿಯುತ್ತದೆ ಅನ್ನುವುದು ನೆನಪಿರಲಿ. ಇದನ್ನು ಟಾರ್ಪಾಲು ಹೊದಿಸಿದ ಹಾಗೆ ಅಂತ ತಿಳಿಯಿರಿ.

ಎರಡನೆಯದು, ಇದ್ದ ಜಾಗದಲ್ಲೇ ಮೆಟ್ಟಿಲು ಹತ್ತುವುದು. ‘ಮಿಂಟ್‌ಅಪ್‌ಗ್ರೇಡ್’ ಅನ್ನುವ ಪ್ರೋಗ್ರಾಂ 20.3ರಿಂದ 21ಕ್ಕೆ ಒಯ್ಯುತ್ತದೆ. ಆಮೇಲೆ ಅಪ್‌ಡೇಟ್ ಮ್ಯಾನೇಜರ್‌ನಿಂದ 21.3ಕ್ಕೆ ಹೋಗಬೇಕು, ಅಲ್ಲಿಂದ ಮತ್ತೆ ಮಿಂಟ್‌ಅಪ್‌ಗ್ರೇಡ್ ಹಾಕಿ 22ಕ್ಕೆ. ನಡುವಿನ ಮೆಟ್ಟಿಲು ಹಾರಲು ಬರುವುದಿಲ್ಲ. ನಿಮ್ಮ ಫೈಲು, ಸೆಟ್ಟಿಂಗ್ ಎಲ್ಲ ಇದ್ದಲ್ಲೇ ಇರುತ್ತವೆ, ಅದು ಇದರ ಲಾಭ. ಆದರೆ ಹಲವು ಜಿಬಿ ಡೇಟಾ ಬೇಕು. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಒಂದೊಂದು ಮೆಟ್ಟಿಲಿಗೂ ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟು ಹೊತ್ತೂ ಕರೆಂಟ್ ಇರಬೇಕು. ಹೊರಗಿನಿಂದ ಹಾಕಿದ ಪ್ರೋಗ್ರಾಂಗಳು ಜಾಸ್ತಿ ಇದ್ದರೆ ಮಧ್ಯದಲ್ಲಿ ತಕರಾರು ಬರುತ್ತದೆ. ಮಷಿನ್ ಬಲ್ಲವರು ಪಕ್ಕದಲ್ಲಿ ಇದ್ದರೆ ಸರಿ. ಮಗ ಫೋನಿನಲ್ಲಿ ಹೇಳುತ್ತಾ ನೀವು ಇಲ್ಲಿ ಮಾಡುವ ಕೆಲಸ ಇದಲ್ಲ.

ಮೂರನೆಯದನ್ನೇ ನಾನು ನಿಮಗೆ ಹೇಳುವುದು. ಹಳೆಯ ಡಿಸ್ಕ್ ಮುಟ್ಟಬೇಡಿ. ಹೊಸದಾಗಿ ಒಂದು ಸಣ್ಣ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ತನ್ನಿ, 240 ಅಥವಾ 256 ಜಿಬಿ ಸಾಕು. ಹಳೆಯ ಹಾರ್ಡ್ ಡಿಸ್ಕ್‌ನ ಎರಡು ವೈರು ಕಿತ್ತು ಪಕ್ಕಕ್ಕೆ ಇಡಿ. ಅದೇ ವೈರುಗಳನ್ನು ಎಸ್‌ಎಸ್‌ಡಿಗೆ ಸಿಕ್ಕಿಸಿ ಅದರ ಮೇಲೆ ಮಿಂಟ್ 22 ಹೊಸದಾಗಿ ಹಾಕಿ. ಮಧ್ಯದಲ್ಲಿ ಕರೆಂಟ್ ಹೋದರೂ, ತಪ್ಪು ಬಟನ್ ಒತ್ತಿದರೂ ನಿಮ್ಮ ಲೆಕ್ಕದ ಪುಸ್ತಕಕ್ಕೆ ಏನೂ ಆಗುವುದಿಲ್ಲ, ಯಾಕೆಂದರೆ ಆ ಡಿಸ್ಕ್ ಮಷಿನ್‌ನಲ್ಲೇ ಇಲ್ಲ. ಸರಿಹೋಗಲಿಲ್ಲವೇ, ವೈರು ವಾಪಸ್ ಹಳೆಯ ಡಿಸ್ಕ್‌ಗೆ ಹಾಕಿ, ನಿನ್ನೆ ಇದ್ದ ಹಾಗೇ ಹತ್ತಿಕೊಳ್ಳುತ್ತದೆ. ಇಷ್ಟು ನಿಶ್ಚಿಂತೆ ಬೇರೆ ಯಾವ ದಾರಿಯಲ್ಲೂ ಇಲ್ಲ. ಎಸ್‌ಎಸ್‌ಡಿಯಿಂದ ಮಷಿನ್ ಹತ್ತಿಕೊಳ್ಳುವ, ಪ್ರೋಗ್ರಾಂ ತೆರೆಯುವ ವೇಗವೂ ಬಹಳ ಬದಲಾಗುತ್ತದೆ. ‘ಹೊಸ ಆವೃತ್ತಿ ಹಾಕಿದರೆ ಹಳೆಯ ಮಷಿನ್ ಕುಂಟುತ್ತದೆ’ ಅಂತ ಹೇಳುವವರು ಬಹಳ ಸಲ ನೋಡಿರುವುದು ಹಳೆಯ ಹಾರ್ಡ್ ಡಿಸ್ಕ್‌ನ ಕುಂಟುವಿಕೆ. ಎಕ್ಸ್‌ಎಫ್‌ಸಿಇ ಅನ್ನುವ ಹಗುರವಾದ ಡೆಸ್ಕ್‌ಟಾಪ್ ಇರುವ ಮಿಂಟ್ 22ಕ್ಕೆ ನಿಮ್ಮ 4 ಜಿಬಿ ಸಾಲುತ್ತದೆ. ಹಳೆಯ ಡಿಡಿಆರ್3 ರ್ಯಾಮ್ ಇನ್ನೊಂದು 4 ಜಿಬಿ ಸಿಕ್ಕರೆ ಹಾಕಿಸಿ, ಹತ್ತು ಟ್ಯಾಬ್ ತೆರೆದಿಟ್ಟು ಓದುವ ಮಕ್ಕಳಿಗೆ ಅನುಕೂಲ. ಮಿಂಟ್ 22ಕ್ಕೆ 2029ರ ತನಕ ತೇಪೆ ಬರುತ್ತದೆ.

ಇನ್‌ಸ್ಟಾಲ್ ಮಾಡುವ ಫೈಲು ಸುಮಾರು 3 ಜಿಬಿ. ಅದನ್ನು ತೋಟದ ನೆಟ್‌ನಲ್ಲಿ ಇಳಿಸಲು ಹೋಗಬೇಡಿ. ಮಗ ಬೆಂಗಳೂರಿನಲ್ಲೇ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿ ತರಲಿ. ಇಳಿಸಿದ ಮೇಲೆ ‘ಎಸ್‌ಎಚ್‌ಎ256’ ಅಂಕಿ ಹೊಂದುತ್ತದೆಯೇ ಅಂತ ನೋಡಲು ಹೇಳಿ. ಅದು ಮಿಂಟ್ ಸೈಟಿನಲ್ಲೇ ಬರೆದಿರುತ್ತದೆ. ಫೈಲು ಮಧ್ಯದಲ್ಲಿ ಕೆಟ್ಟಿದ್ದರೆ ಇದರಿಂದ ಗೊತ್ತಾಗುತ್ತದೆ, ಇಲ್ಲಿ ಬಂದು ಅರ್ಧಕ್ಕೆ ನಿಲ್ಲುವ ಕಷ್ಟ ತಪ್ಪುತ್ತದೆ.

ಪೆನ್‌ಡ್ರೈವ್ ಬಂದ ದಿನವೇ ಇನ್‌ಸ್ಟಾಲ್ ಮಾಡಬೇಕು ಅಂತಿಲ್ಲ. ಅದರಿಂದಲೇ ಮಷಿನ್ ಹಚ್ಚಿ, ಏನನ್ನೂ ಹಾಕದೆ, ಒಂದು ಗಂಟೆ ಬಳಸಿ ನೋಡಬಹುದು. ಶಬ್ದ ಬರುತ್ತದೆಯೇ, ವೈ-ಫೈ ಹಿಡಿಯುತ್ತದೆಯೇ, ಪ್ರಿಂಟರ್ ಮಾತಾಡುತ್ತದೆಯೇ ಎಲ್ಲ ನೋಡಿಕೊಳ್ಳಿ. ಆಮೇಲೆ ಇನ್‌ಸ್ಟಾಲ್ ಮಾಡುವಾಗ ‘ಮಲ್ಟಿಮೀಡಿಯಾ ಕೊಡೆಕ್’ ಅನ್ನುವ ಚೌಕಕ್ಕೆ ಟಿಕ್ ಹಾಕಲು ಮರೆಯಬೇಡಿ. ಎಷ್ಟೋ ಜನ ಅದನ್ನು ಬಿಟ್ಟು, ‘ಹೊಸ ಮಿಂಟ್‌ನಲ್ಲಿ ವಿಡಿಯೊನೇ ಬರಲ್ಲ’ ಅಂತ ಫೋನ್ ಮಾಡುತ್ತಾರೆ.

ಹೊಸ ಫೈರ್‌ಫಾಕ್ಸ್‌ನಿಂದ ವಿಡಿಯೊಗೂ ಒಂದು ಲಾಭ ಇದೆ. 2023ರ ಜುಲೈನಲ್ಲಿ ಬಂದ 115ನೇ ಆವೃತ್ತಿಯಿಂದ ಇಂಟೆಲ್ ಚಿಪ್‌ಗಳ ವಿಡಿಯೊ ಬಿಚ್ಚುವ ಭಾಗವನ್ನು ಲಿನಕ್ಸ್‌ನಲ್ಲೂ ಅದು ತಾನಾಗಿ ಬಳಸುತ್ತದೆ. ಆದರೆ ಅದಕ್ಕೆ ಸಿಸ್ಟಮ್‌ನಲ್ಲಿ ಡ್ರೈವರ್ ಇರಬೇಕು. ನಿಮ್ಮ ಕಾಲದ ಚಿಪ್‌ಗೆ ‘ಐ965’ ಹೆಸರಿನ ವಿಎ ಡ್ರೈವರ್, ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಫೈರ್‌ಫಾಕ್ಸ್‌ನ ಹೆಲ್ಪ್ ಮೆನುವಿನಲ್ಲಿ ‘ಟ್ರಬಲ್‌ಶೂಟಿಂಗ್’ ಪುಟ ತೆರೆದು ಕೆಳಗೆ ಮೀಡಿಯಾ ಭಾಗಕ್ಕೆ ಹೋಗಿ. ಅಲ್ಲಿನ ಕೋಷ್ಟಕದಲ್ಲಿ ಎಚ್.264 ಎದುರು ಹಾರ್ಡ್‌ವೇರ್ ಡಿಕೋಡಿಂಗ್‌ಗೆ ಬೆಂಬಲ ಇದೆ ಅಂತ ಕಂಡರೆ ಪಲ್ಪರ್ ತಿರುಗುತ್ತಿದೆ ಅಂತ ಅರ್ಥ. ವಿಪಿ9 ಎದುರು ಇಲ್ಲ ಅಂತಲೇ ಇರುತ್ತದೆ, ಅದು ಸರಿಯೇ. ಆ ಆಡ್-ಆನ್ ಹೊಸ ಮಿಂಟ್‌ನಲ್ಲೂ ಬೇಕು.

ಕನ್ನಡ ಹೋಗುತ್ತದೆಯೇ ಅಂತ ಕೇಳಿದ್ದೀರಿ. ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಮಷಿನ್‌ಗೂ ಅರ್ಥವಾಗುವ ಅಕ್ಷರ ಪದ್ಧತಿಯಲ್ಲಿ, ಬರೆದಿದ್ದರೆ ಒಂದು ಅಕ್ಷರವೂ ಹೋಗುವುದಿಲ್ಲ. ಟೈಪ್ ಮಾಡಲು ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಮೆಥಡ್ ತೆರೆದು ಐಬಸ್ (ಬೇರೆ ಭಾಷೆಯಲ್ಲಿ ಟೈಪ್ ಮಾಡಿಸುವ ಪ್ರೋಗ್ರಾಂ) ಆರಿಸಿ, ಜೊತೆಗೆ ‘ಐಬಸ್-ಎಂ17ಎನ್’ ಪ್ಯಾಕೇಜ್ ಹಾಕಿದರೆ ಕನ್ನಡದ ಕೆಜಿಪಿ ಕೀಲಿಮಣೆ ಸಿಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಬರೆದ ಪತ್ರಗಳು ಇದ್ದರೆ ಮಾತ್ರ ಜೋಪಾನ. ಅವು ನಿಜವಾಗಿ ಇಂಗ್ಲಿಷ್ ಅಕ್ಷರಗಳು, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಹೋಮ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಅಡಗಿರುವ ಫೋಲ್ಡರ್‌ಗಳು ಕಾಣಿಸುತ್ತವೆ. ಫಾಂಟ್‌ಗಳು ಅಲ್ಲೇ ಇರುತ್ತವೆ, ಅವುಗಳನ್ನೂ ನಕಲು ಮಾಡಿಕೊಳ್ಳಿ. ಫೈರ್‌ಫಾಕ್ಸ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಇರುವ ‘ಮೊಜಿಲ್ಲಾ’ ಫೋಲ್ಡರ್ ಕೂಡ ಅಲ್ಲೇ.

ನಕಲಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲರಲ್ಲೂ ಇದೆ. ಮಿಂಟ್‌ನ ಟೈಮ್‌ಶಿಫ್ಟ್ ಇದೆ, ಬ್ಯಾಕಪ್ ಆಯಿತು ಅಂತ ಸುಮ್ಮನಾಗುತ್ತಾರೆ. ಟೈಮ್‌ಶಿಫ್ಟ್ ಕಾಯುವುದು ಸಿಸ್ಟಮ್‌ನ ಫೈಲುಗಳನ್ನು. ನಾವೇ ಬದಲಿಸದಿದ್ದರೆ ಹೋಮ್ ಫೋಲ್ಡರ್‌ನ ನಿಮ್ಮ ಲೆಕ್ಕ, ಪತ್ರ, ಫೋಟೊ ಅದರಲ್ಲಿ ಸೇರುವುದಿಲ್ಲ. ಅದೂ ಅಲ್ಲದೆ ಆ ನಕಲು ಇರುವುದು ಅದೇ ಡಿಸ್ಕ್‌ನಲ್ಲಿ. ಡಿಸ್ಕ್ ಸತ್ತರೆ ಎರಡೂ ಹೋಗುತ್ತವೆ. ಹಾಗಾಗಿ ಲೆಕ್ಕದ ಫೋಲ್ಡರ್ ಅನ್ನು ಈ ವಾರವೇ ಒಂದು ಪೆನ್‌ಡ್ರೈವ್‌ಗೆ ಹಾಕಿ, ಬೇರೆ ಕೋಣೆಯಲ್ಲಿ ಇಡಿ. ಅದರಿಂದ ಒಂದೆರಡು ಫೈಲು ತೆರೆದೂ ನೋಡಿ. ತೆರೆದು ನೋಡದ ನಕಲನ್ನು ನಾನು ನಕಲು ಅನ್ನುವುದಿಲ್ಲ.

ಯಾವಾಗ ಮಾಡುವುದು? ಮರ ಕಪಾತು ಮಾಡಲು ಒಂದು ಕಾಲ ಇರುವ ಹಾಗೆ ಇದಕ್ಕೂ ಇದೆ. ತುಲಾ ಸಂಕ್ರಮಣ ಕಳೆದಿದೆ, ಮಳೆ ಹಿಂದೆ ಸರಿಯುತ್ತಿದೆ, ಕರೆಂಟ್ ಸುಮಾರಾಗಿ ನಿಲ್ಲುತ್ತಿದೆ. ಕೊಯ್ಲು ಶುರುವಾದರೆ ಕೂಲಿ ಪಟ್ಟಿಗೆ ಮಷಿನ್ ದಿನಾ ಬೇಕು, ಆಗ ಮುಟ್ಟಬಾರದು. ಪುತ್ತರಿ ಹಬ್ಬಕ್ಕೆ ಮಗ ಬರುತ್ತಾನೆ ಅಲ್ವಾ? ಆ ಎರಡು ಮೂರು ದಿನದಲ್ಲಿ ಒಂದು ಬೆಳಗ್ಗೆ ಇದಕ್ಕೆ ಮೀಸಲಿಡಿ. ಅಲ್ಲಿಯ ತನಕ ಬ್ರೌಸರ್ ಹೊಸದು ಮಾಡಿಕೊಂಡು, ಆಡ್-ಆನ್ ಹಾಕಿಕೊಂಡು, 720ರಲ್ಲಿ ಪಾಠ ನಡೆಯಲಿ.

ಹೊಸ ಮಿಂಟ್ ಬಂದ ಮೇಲೆ ವಾರಕ್ಕೆ ಒಂದು ದಿನ ಅಪ್‌ಡೇಟ್ ಮ್ಯಾನೇಜರ್ ತೆರೆಯಿರಿ. ಬೆಳಗ್ಗೆ ಹೊತ್ತು, ಆಕಾಶ ನೋಡಿ. ಮುಗಿದ ಮೇಲೆ ಬ್ರೌಸರ್ ಮುಚ್ಚಿ ತೆರೆಯಿರಿ. ತೆರೆದಿರುವಾಗಲೇ ಅದು ಬದಲಾದರೆ ಹೊಸ ಟ್ಯಾಬ್ ತೆರೆಯಲು ಹೋದಾಗ ಮತ್ತೆ ಹಚ್ಚಿ ಅಂತ ಕೇಳುತ್ತದೆ. ಅದು ಕೆಟ್ಟಿದ್ದಲ್ಲ. ಕಕ್ಕಡದಲ್ಲಿ ಒಂದು ತಿಂಗಳು ಅಪ್‌ಡೇಟ್ ಮಾಡದೆ ಬಿಟ್ಟರೂ ಪರವಾಗಿಲ್ಲ, ಬ್ರೌಸರ್ ಒಂದನ್ನು ಬಿಟ್ಟು. ಅದು ಸಣ್ಣದು, ಎರಡು ನಿಮಿಷದ ಕೆಲಸ. ಪಟ್ಟಿಯಲ್ಲಿ ಉಳಿದವುಗಳ ಟಿಕ್ ತೆಗೆದು ಅದೊಂದನ್ನೇ ಹಾಕಬಹುದು.

ಕೊನೆಗೆ ಆ ಹಳೆಯ ಡಿಸ್ಕ್. ಲೆಕ್ಕ, ಪತ್ರ, ಫಾಂಟು ಎಲ್ಲ ಹೊಸದಕ್ಕೆ ಬಂದ ಮೇಲೂ ಅದನ್ನು ಫಾರ್ಮ್ಯಾಟ್ ಮಾಡಲು ಅವಸರ ಬೇಡ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಹಾಕಿ, ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿ ಇಡಿ. ಮೇಲೆ ತಾರೀಕು ಬರೆಯಿರಿ. ಮಗಳ ಪರೀಕ್ಷೆ ಮುಗಿಯುವ ತನಕ ಹಾಗೇ ಇರಲಿ.